ಹೊಕ್ಕುಳಿಗೆ ಹಚ್ಚುವ ಎಣ್ಣೆ

"ನನ್ನ ಬಿಟ್ರೆ ಆ ಪೈಪನ್ನ ಯಾರೂ ಮುಟ್ಟಲ್ಲ ಡಾಕ್ಟ್ರೇ," ಎಂದಳು ಪುಷ್ಪಮ್ಮ.

ಬಾಗಿಲ ಮರೆಯಲ್ಲಿ ನಿಂತಿದ್ದ ಅತ್ತೆ ಬೆಳ್ಳಮ್ಮನ ಜೀವ ಬಾಯಿಗೆ ಬಂತು. ಒಳಗೆ ಮೊಮ್ಮಗಳು ಮಹಾಲಕ್ಷ್ಮೀ ಎರಡು ಕಂಬಳಿ ಹೊದ್ದೂ ಮಂಚ ಅಲುಗುವಂತೆ ನಡುಗುತ್ತಿದ್ದಳು.

ಹುಡುಗಿಗೆ ಹದಿನಾಲ್ಕು. ರಕ್ತದ ಕಾಯಿಲೆಗೆಂದು ವೆಲ್ಲೂರಿನಲ್ಲಿ ಅವಳಣ್ಣನ ಮೂಳೆಯ ಮಜ್ಜೆ ತೆಗೆದು ಇವಳಿಗೆ ಹಾಕಿ ಮೂರು ತಿಂಗಳಾಗಿತ್ತು. ಅದಕ್ಕೆಂದೇ ದೊಡ್ಡ ರಕ್ತನಾಳದೊಳಗೆ ಎದೆಗುಂಡಿಗೆಯವರೆಗೆ ಸಣ್ಣ ಪೈಪು ಇಳಿಸಿದ್ದರು. ಅದರ ಬಾಲ ಎದೆಯ ಮೇಲೆ ಹೊರಗೆ ಬಂದಿತ್ತು. ಇನ್ನೊಂದು ತಿಂಗಳು ಅದು ಅಲ್ಲೇ ಇರಬೇಕು. ಪುಷ್ಪಮ್ಮ ದಿನಾ ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ರಕ್ತ ಹೆಪ್ಪುಗಟ್ಟದಿರಲೆಂದು ಪೈಪಿಗೆ ಔಷಧಿ ಹಾಕುತ್ತಿದ್ದಳು; ಪೈಪು ಹೊರಬಂದ ಜಾಗದ ಪಟ್ಟಿಯನ್ನು ಮಾತ್ರ ವಾರಕ್ಕೊಮ್ಮೆ ಬದಲಿಸುತ್ತಿದ್ದಳು. ಅವಳ ಮಡಿಗೆ ಹೆದರಿ ಬೆಕ್ಕು ಕೂಡ ಆ ಕೋಣೆಯತ್ತ ಸುಳಿಯುತ್ತಿರಲಿಲ್ಲ.

ಬೆಳ್ಳಮ್ಮ ಮಾತ್ರ ಹೆದರಿರಲಿಲ್ಲ. ಹೊಸನಗರದ ಸುತ್ತಿನ ಹಳ್ಳಿಗಳಲ್ಲಿ ನಲವತ್ತು ವರ್ಷ ಹೆರಿಗೆ ಮಾಡಿಸಿದವಳು ಅವಳು. ಅವಳು ಅರಿಶಿನ ಎಣ್ಣೆ ಹಚ್ಚಿದ ಒಂದು ಮಗುವಿನ ಹೊಕ್ಕುಳೂ ಕೀವಾಗಿರಲಿಲ್ಲ. ಮೊನ್ನೆ ಸೊಸೆ ರೇಷನ್ ಅಂಗಡಿಗೆ ಹೋಗಿದ್ದಾಗ ಹುಡುಗಿ, "ಅಜ್ಜೀ, ಪೈಪಿನ ಸುತ್ತ ತುರಿಸ್ತದೆ" ಎಂದಿತು. ಪಟ್ಟಿ ಬಿಡಿಸಿದರೆ ಮುದುಕಿಯ ಕಣ್ಣಿಗೆ ಕಂಡದ್ದು ಪೈಪಲ್ಲ, ಹೊಕ್ಕುಳ ಬಳ್ಳಿ. ಕೊಬ್ಬರಿ ಎಣ್ಣೆ ಬಿಸಿ ಮಾಡಿ, ಅರಿಶಿನ ತೇಯ್ದು, ಬೆರಳಿನಿಂದ ಹಚ್ಚಿ, ಪಟ್ಟಿಯನ್ನು ಇದ್ದ ಹಾಗೇ ಅಂಟಿಸಿದಳು. ತುರಿಕೆ ನಿಂತಿತು. ವೆಲ್ಲೂರಿನವರಿಗೂ ತಿಳಿಯದ್ದು ತನಗೆ ತಿಳಿಯಿತೆಂದು ಒಳಗೊಳಗೇ ಬೀಗಿದ್ದೂ ಉಂಟು.

ಇವತ್ತು ಬೆಳಿಗ್ಗೆ ಪೈಪಿನಲ್ಲಿ ಔಷಧಿ ಒಳಗೆ ಹೋದ ಸ್ವಲ್ಪ ಹೊತ್ತಿಗೇ ಈ ಚಳಿ.

ಅಂಥ ಪೈಪನ್ನು ಜನ್ಮದಲ್ಲಿ ಕಾಣದ ಊರ ಡಾಕ್ಟರು ಪಟ್ಟಿ ಮುಟ್ಟಲು ಅಂಜಿದರು. "ಊರೆಲ್ಲಾ ಚಳಿಜ್ವರ ಇದೆಯಮ್ಮ. ಮಾತ್ರೆ ಕೊಡ್ತೀನಿ, ಎರಡು ದಿನ ನೋಡೋಣ."

ಎರಡು ದಿನ! ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆ ಯೋಚನೆ ಬಂದದ್ದಕ್ಕೇ ಬೆಳ್ಳಮ್ಮನಿಗೆ ತನ್ನ ಮೇಲೆ ಹೇಸಿಗೆಯಾಯಿತು.

"ಪುಷ್ಪಾ, ನಾ ಮುಟ್ಟೀನಿ ಕಣೇ."

"ಎಂತದು ಅತ್ತೆ?"

"ಅರಿಶಿನ ಎಣ್ಣೆ ಹಚ್ಚೀನಿ. ಹೊಕ್ಕುಳಿಗೆ ಹಚ್ಚೋ ಹಂಗೆ."

ಪುಷ್ಪಮ್ಮ ಬಚ್ಚಲಿಗೆ ಓಡಿದಳು. ಕೈ ತೊಳೆದು ಬಂದು ಪಟ್ಟಿ ಬಿಡಿಸಿದಳು. ಹಳದಿ ಜಿಡ್ಡಿನ ಕೆಳಗೆ ಚರ್ಮ ಕೆಂಪಗೆ ಬಾತು ಕೀವು ಕಟ್ಟಿತ್ತು.

"ನಂಜು ರಕ್ತಕ್ಕೆ ಇಳಿದಿದೆ," ಎಂದರು ಡಾಕ್ಟರು. "ಈಗಲೇ ಹೊರಡಿ. ಘಾಟಿ ಇಳಿದು ಮಣಿಪಾಲಕ್ಕೆ. ಈ ಹುಡುಗಿ ಮೈಯಲ್ಲಿ ತಡ್ಕೊಳ್ಳೋ ಶಕ್ತಿ ಇಲ್ಲ."

"ಬದುಕ್ತಾಳಾ?" ಎಂದಳು ಬೆಳ್ಳಮ್ಮ. ಡಾಕ್ಟರು ಆಗಲೇ ಬಾಡಿಗೆ ಜೀಪಿನ ಗಿರಿಯಪ್ಪನಿಗೆ ಹೇಳಿಕಳಿಸಲು ಹೊರಗೆ ಹೋಗಿದ್ದರು.

"ನಂಗೊಂದು ಮಾತು ಕೇಳ್ಬೋದಿತ್ತು ಅತ್ತೆ," ಎಂದಳು ಪುಷ್ಪಮ್ಮ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಜೀಪು ಬಂತು. ಹುಡುಗಿ ಅಜ್ಜಿಯೂ ಬರಲಿ ಎಂದು ಹಟ ಹಿಡಿಯಿತು. ಪುಷ್ಪಮ್ಮ ಸೋಪು ತಂದು ಅತ್ತೆಯ ಮುಂದಿಟ್ಟಳು. ಬೆಳ್ಳಮ್ಮ ಮೊಣಕೈವರೆಗೆ ತೊಳೆದಳು, ಮತ್ತೆ ತೊಳೆದಳು. ಉಗುರಿನ ಸಂದಿಯ ಹಳದಿ ಹೋಗಲಿಲ್ಲ.

ಹುಲಿಕಲ್ ಘಾಟಿಯ ತಿರುವುಗಳಲ್ಲಿ ಜೀಪು ಎತ್ತಿ ಎತ್ತಿ ಹಾಕುತ್ತಿತ್ತು. ತಲೆಯನ್ನು ಅಜ್ಜಿಯ ಮಡಿಲಲ್ಲಿಟ್ಟಿದ್ದ ಹುಡುಗಿ, "ಅಜ್ಜೀ, ಚಳಿ. ಗಟ್ಟಿ ಹಿಡ್ಕೋ" ಎಂದಿತು.

ಬೆಳ್ಳಮ್ಮ ಮೊಣಕಾಲುಗಳನ್ನು ಎದುರಿನ ಸೀಟಿಗೆ ಒತ್ತಿ ಹಿಡಿದು, ತೊಳೆದ ಎರಡು ಕೈಗಳನ್ನೂ ಮಗುವಿಗೆ ತಾಗದಂತೆ ಮೇಲೆತ್ತಿಕೊಂಡೇ ಕೂತಿದ್ದಳು.