ಗಾನ್ ಕೇಸ್

"ದೇವರಿಗಾ ಮೇಡಂ, ಇಲ್ಲ..." ಹೂವಿನವಳು ಮಾತನ್ನು ಅರ್ಧಕ್ಕೇ ನಿಲ್ಲಿಸಿದಳು.

"ನಮ್ಮನೆ ಅಡುಗೆಯವಳ ಗಂಡ ತೀರ್ಕೊಂಡಿದಾರೆ," ಎಂದಳು ಸ್ಮೃತಿ.

ಸುಗಂಧರಾಜದ ದಪ್ಪ ಹಾರವನ್ನು ಹೂವಿನವಳು ಬಾಳೆ ಎಲೆಯಲ್ಲಿ ಸುತ್ತಿ ಕೊಟ್ಟಳು. ಸ್ಮೃತಿ ಅದನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟು ಬಸವೇಶ್ವರನಗರದಿಂದ ಹೇರೋಹಳ್ಳಿಯ ಕಡೆ ಹೊರಟಳು.

ಬೆಳಿಗ್ಗೆ ಹನುಮವ್ವನೇ ಫೋನ್ ಮಾಡಿದ್ದಳು. "ಅಕ್ಕಾರ, ನಮ್ಮ ಮನಿಯವ್ರದು ಗಾನ್ ಕೇಸ್ ರೀ! ಬರ್ರಿ ಅಕ್ಕಾರ!" ಹಿಂದೆ ಯಾರೋ ಅಳುತ್ತಿದ್ದರು. "ಬರ್ತೀನಿ, ಧೈರ್ಯ ತಗೋ," ಎಂದು ಸ್ಮೃತಿ ಫೋನಿಟ್ಟಿದ್ದಳು. ಆಮೇಲೆ ಆಫೀಸಿಗೆ ರಜೆ ಹೇಳಿದಳು. ಸಾವಿನ ಮನೆಗೆ ಹೋಗಿ ಬಂದರೆ ಸ್ನಾನವಾಗುವ ತನಕ ಏನೂ ತಿನ್ನುವಂತಿಲ್ಲವೆಂದು ಎರಡು ದೋಸೆ ಹುಯ್ದುಕೊಂಡು ತಿಂದಳು. ಹೋದ ಜೀವ ಹೋಗಿತ್ತು, ಇನ್ನು ಅವಸರವೇನಿತ್ತು?

ಪೈಪಿಗೆಂದು ಅಗೆದು ಬಿಟ್ಟಿದ್ದ ಬೀದಿಯಲ್ಲಿ ಕಾರು ಕುಲುಕುತ್ತಾ ಹೋಯಿತು. ಮನೆಯ ಮುಂದೆ ಬೆಂಕಿ ಹಾಕಿರಲಿಲ್ಲ, ಶಾಮಿಯಾನ ಇರಲಿಲ್ಲ. ಹನುಮವ್ವ ಎದುರಿಗೇ ಓಡಿ ಬಂದಳು.

"ಬಂದ್ರೇನ್ರಿ! ಬಾಜೂದವ್ರು ಆಟೋ ತರ್ತೀನಂದ್ರು. ಅಕ್ಕಾರ ಕಾರ್ ಬರಾಕ ಹತ್ತೈತಿ, ಬ್ಯಾಡ ಅಂದೆ."

ಒಳಗೆ ಚಾಪೆಯ ಮೇಲೆ ಅವಳ ಗಂಡ ಮರೆಪ್ಪ ಮಲಗಿದ್ದ. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಕಣ್ಣು ತೆರೆದಿದ್ದವು. ಅವು ಸ್ಮೃತಿಯ ಕಡೆ ಹೊರಳಿದವು.

ಸ್ಮೃತಿ ಹೊಸಿಲಲ್ಲೇ ನಿಂತಳು. "ಹನುಮವ್ವ, ನೀನು ಫೋನಲ್ಲಿ... ಗಾನ್ ಕೇಸ್ ಅಂದ್ಯಲ್ಲ?"

"ಹೂನ್ರಿ. ಡಬ್ಬಿ ಕಟ್ಟೂದು ತಡ ಆದ್ರ ನೀವು ಅಂತೀರಲ್ರಿ, 'ಬೇಗ ಬೇಗ, ಗಾನ್ ಕೇಸ್' ಅಂತ. ಹಂಗಂದ್ರ ನಿಮಗ ಲಗೂನ ತಿಳೀತೈತಿ ಅಂತ ಅಂದೆ."

ಅಕ್ಕಪಕ್ಕದ ಗಂಡಸರು ಮರೆಪ್ಪನನ್ನು ಎತ್ತಿ ತಂದರು. ಸ್ಮೃತಿ ಹಿಂದಿನ ಬಾಗಿಲು ತೆಗೆದಾಗಲೇ ಅವಳಿಗೆ ಹಾರದ ನೆನಪಾದದ್ದು. ಬಾಳೆ ಎಲೆ ಬಿಚ್ಚಿಕೊಂಡು ಹೂವೆಲ್ಲ ಕಾಣುತ್ತಿತ್ತು. ಅವಳು ಕೈ ಚಾಚುವ ಮೊದಲೇ ಹನುಮವ್ವ ಅದನ್ನು ಎತ್ತಿಕೊಂಡಿದ್ದಳು.

"ಗುಡಿಗೆ ಹೋಗಿ ಬಂದ್ರೇನ್ರಿ?"

"ಹೂಂ," ಎಂದಳು ಸ್ಮೃತಿ.

ಹನುಮವ್ವ ಹಾರವನ್ನು ಕಣ್ಣಿಗೊತ್ತಿಕೊಂಡು, ಗಂಡನ ಹಣೆಗೆ ಮುಟ್ಟಿಸಿ, ಅವನ ಎದೆಯ ಮೇಲಿಟ್ಟಳು. ಅದು ಜಾರದಂತೆ ದಾರಿಯುದ್ದಕ್ಕೂ ಹಿಡಿದುಕೊಂಡೇ ಕೂತಿದ್ದಳು. ಸ್ಮೃತಿ ಮುಂದಿನ ಕನ್ನಡಿಯನ್ನು ಪಕ್ಕಕ್ಕೆ ತಿರುಗಿಸಿ ಗಾಡಿ ಓಡಿಸಿದಳು.

ಆಸ್ಪತ್ರೆಯಲ್ಲಿ ಡಾಕ್ಟರು ಸಿಡುಕಿದರು. "ಸ್ಟ್ರೋಕ್ ಆಗಿ ಇಷ್ಟು ಹೊತ್ತು ಏನ್ಮಾಡ್ತಿದ್ರಿ? ಬೇಗ ಕರ್ಕೊಂಡು ಬಂದಿದ್ರೆ ಕೈ ಉಳೀತಿತ್ತೇನೋ."

"ಟ್ರಾಫಿಕ್ ಭಾಳ ಇರ್ತೈತ್ರಿ," ಎಂದಳು ಹನುಮವ್ವ ತಕ್ಷಣ. "ಪಾಪ, ಅಕ್ಕಾರು ಕೆಲಸ ಬಿಟ್ಟು ಓಡಿ ಬಂದಾರ."

ಡಾಕ್ಟರು ಸ್ಮೃತಿಯನ್ನೇ ನೋಡಿದರು. ಅವಳು ಬ್ಯಾಗಿನಲ್ಲಿ ಫೋನ್ ಹುಡುಕತೊಡಗಿದಳು.

ಜೀವ ಉಳಿಯಿತು. ಗಾರೆ ಕೆಲಸದ ಬಲಗೈ ಮಾತ್ರ ಏಳಲಿಲ್ಲ. ನಾಲ್ಕನೆಯ ದಿನ ಸ್ಮೃತಿ ವಾರ್ಡಿಗೆ ಹೋದಾಗ ಮರೆಪ್ಪ ದಿಂಬಿಗೊರಗಿ ಕೂತಿದ್ದ. ಅವಳನ್ನು ಕಂಡು ಅವನ ಎಡಗೈ ಎದೆಯ ತನಕ ಬಂದು, ಒಂಟಿಯಾಗಿ ನಿಂತಿತು.

"ತಡೀರಿ," ಎಂದು ಹನುಮವ್ವ ಹೊದಿಕೆಯೊಳಗಿಂದ ಅವನ ಬಲಗೈಯನ್ನು ಎತ್ತಿ ತಂದು, ಎಡಗೈಗೆ ಜೋಡಿಸಿ, ಎರಡನ್ನೂ ಸ್ಮೃತಿಯ ಕಡೆಗೆ ಹಿಡಿದಳು.