ಸಾಕು ಎನ್ನದ ಕಾಲು

ನಾನು ಅಂಗೈಯಗಲದ ಒಂದು ಬಿದಿರಿನ ಪೆಟ್ಟಿಗೆ. ಚೀನಾದ ಸಣ್ಣ ಊರೊಂದರಲ್ಲಿ, ಬಿದಿರು ಸೀಳುವವರ ಅಂಗಳದಲ್ಲಿ ಹುಟ್ಟಿದೆ. ನನಗೆ ಮುಚ್ಚಳವಿದೆ, ನಡುವೆ ಕಬ್ಬಿಣದ ಜಾಲರಿಯಿದೆ, ತಳವಿಲ್ಲ. ಜಾಲರಿಯ ಮೇಲೆ ಹೊತ್ತಿಸಿದ ಬತ್ತಿಯ ತುಂಡಿಟ್ಟು ನನ್ನನ್ನು ನೋವಿರುವ ಕಡೆ ಕೂರಿಸುತ್ತಾರೆ. ಮಾಚಿಪತ್ರೆಯ ಜಾತಿಯ ಸೊಪ್ಪನ್ನು ಒಣಗಿಸಿ, ಕುಟ್ಟಿ, ಹತ್ತಿಯಂತೆ ಹಿಂಜಿ ಸುತ್ತಿದ ಬತ್ತಿ ಅದು. ಭಗ್ಗನೆ ಉರಿಯುವುದಿಲ್ಲ, ನಿಧಾನವಾಗಿ ಕೆಂಡವಾಗುತ್ತದೆ.

ಮೊದಲು ನಾನು ಲಿನ್ ಎಂಬ ಅಜ್ಜಿಯ ಕೈ ಸೇರಿದೆ. ಅವಳು ಜನರ ಬೆನ್ನು ತಿಕ್ಕಿ, ಒಳಗಿನ ಗಾಳಿ ಸುಟ್ಟ ಗಾಜಿನ ಬಟ್ಟಲುಗಳನ್ನು ಚರ್ಮಕ್ಕೆ ಕಚ್ಚಿಸಿ, ಕೊನೆಗೆ ನನ್ನನ್ನು ಇಡುತ್ತಿದ್ದಳು. ಮೈಮುರಿದು ದುಡಿದವರು ನನ್ನ ಅಡಿಯಲ್ಲಿ ಗೊರಕೆ ಹೊಡೆಯುತ್ತಿದ್ದರು. ಹುಬ್ಬಳ್ಳಿಯಿಂದ ಈ ವಿದ್ಯೆ ಕಲಿಯಲು ಬಂದಿದ್ದ ನರ್ಸ್ ಪ್ರಮೀಳಾ ಊರಿಗೆ ಮರಳುವಾಗ ಅಜ್ಜಿ ನನ್ನನ್ನು ಅವಳ ಚೀಲಕ್ಕೆ ಹಾಕಿದಳು.

ಪ್ರಮೀಳಾ ಹಳೇ ಹುಬ್ಬಳ್ಳಿಯ ತನ್ನ ಮನೆಯ ಮುಂಗೋಣೆಯಲ್ಲಿ ಮಂಚ ಹಾಕಿ, ಬಾಗಿಲ ಬಳಿ ಬೆಂಚು ಇಟ್ಟಳು. ನನ್ನನ್ನು ಇಡುವಾಗ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದಳು: "ಬಿಸಿ ತಡ್ಕೊಳ್ಳಾಕ ಆಗದಿದ್ರ ಸಾಕು ಅನ್ರಿ. ನಾ ತೆಗೀತೀನಿ." ಆದರೆ ಬೆಂಚಿನ ಮೇಲೆ ಕೂತವರು ಇದನ್ನು ಪಂದ್ಯ ಮಾಡಿಕೊಂಡಿದ್ದರು. ಬೇಗ ಸಾಕು ಎಂದವರಿಗೆ ನಗು, ತಡೆದುಕೊಂಡವರಿಗೆ ಶಹಬ್ಬಾಸ್.

ಒಂದು ಮಧ್ಯಾಹ್ನ ಶಾಲೆಯ ವ್ಯಾನು ಓಡಿಸುವ ಯಮನೂರಪ್ಪ ಹೆಂಡತಿ ನೀಲವ್ವನ ಜೊತೆ ಬಂದ. ಬಲಗಾಲು ಭಾರವಾಗಿದೆ ಎಂದ. ಪ್ರಮೀಳಾ ನನ್ನನ್ನು ಮೊದಲು ಮೊಣಕಾಲಿನ ಕೆಳಗೆ ಇಟ್ಟಳು. ಸ್ವಲ್ಪ ಹೊತ್ತಿಗೇ ಅವನು, "ಸಾಕ್ರಿ, ಸಾಕ್ರಿ!" ಎಂದ.

ಬೆಂಚಿನಿಂದ ದ್ಯಾಮವ್ವ ಎಂಬ ಮುದುಕಿ ಕಿಸಕ್ಕನೆ ನಕ್ಕಳು. "ಏ ತಮ್ಮಾ, ಬೀಗರ ಮನಿ ಹೋಳಿಗಿಗೂ ಹಿಂಗ ಲಗೂನ ಸಾಕು ಅಂತಿಯೇನು?"

"ಅಲ್ಲಿ ಮಾತ್ರ ಸಾಕು ಅನ್ನಾಕ ಬಾಯಿ ಬರಂಗಿಲ್ಲ ಬಿಡ ಯಕ್ಕಾ," ಎಂದಳು ನೀಲವ್ವ.

ಆಮೇಲೆ ಪ್ರಮೀಳಾ ನನ್ನನ್ನು ಅವನ ಪಾದದ ಮೇಲೆ ಕೂರಿಸಿದಳು. ಇನ್ನೊಬ್ಬರ ಹೆಗಲು ತಿಕ್ಕಲು ಆ ಕಡೆ ತಿರುಗಿದಳು. ಕೆಂಡದ ಕಾವು ಏರಿತು. ಯಮನೂರಪ್ಪ ಸುಮ್ಮನೆ ಮಲಗಿದ್ದ.

"ಈಗ ಗಂಡಸಾದಿ ನೋಡು!" ಎಂದಳು ದ್ಯಾಮವ್ವ. ಅವನು ಮೀಸೆ ತೀಡಿಕೊಂಡ.

ನನಗೆ ದಿಗಿಲಾಯಿತು. ಚರ್ಮದ ಸ್ವಭಾವ ನನಗೆ ಗೊತ್ತು. ಬಿಸಿ ಹೆಚ್ಚಿದರೆ ಅದು ಅದುರುತ್ತದೆ, ಬೆವರುತ್ತದೆ, ನನ್ನಿಂದ ತಪ್ಪಿಸಿಕೊಳ್ಳಲು ನೋಡುತ್ತದೆ. ಈ ಪಾದ ಕಲ್ಲಿನ ಹಾಗೆ ಬಿದ್ದಿತ್ತು. ಎತ್ತಿರಿ, ಯಾರಾದರೂ ಎತ್ತಿರಿ ಎಂದು ಕೂಗೋಣವೆಂದರೆ ನನಗೆ ಹೊಗೆ ಬಿಟ್ಟರೆ ಬೇರೆ ಬಾಯಿಲ್ಲ. ಆ ಹೊಗೆಯಲ್ಲಿ ಚರ್ಮ ಸುಟ್ಟ ಕಮರು ವಾಸನೆ ಬೆರೆಯಿತು.

ಪ್ರಮೀಳಾ ಓಡಿಬಂದು ನನ್ನನ್ನು ಕಿತ್ತೆಸೆದಂತೆ ತೆಗೆದಳು. ಪಾದದ ಮೇಲೆ ಬೊಬ್ಬೆ ಎದ್ದಿತ್ತು.

"ಯಾಕ್ರೀ ತೆಗದ್ರಿ?" ಎಂದ ಯಮನೂರಪ್ಪ. "ಇನ್ನೂ ಬಿಸೀನ ಹತ್ತಿಲ್ಲಲ್ರಿ."

ಪ್ರಮೀಳಾ ತಣ್ಣೀರು ಸುರಿಯುತ್ತ, "ಕಣ್ಣ ಮುಚ್ರಿ. ಯಾವ ಬೆರಳ ಮುಟ್ಟೀನಿ ಹೇಳ್ರಿ," ಎಂದಳು. ಅವಳು ಹೆಬ್ಬೆರಳು ಹಿಡಿದಳು. ಕಿರುಬೆರಳು ಹಿಂಡಿದಳು.

ಅವನು ಕಣ್ಣು ಮುಚ್ಚಿ ಕಾಯುತ್ತಲೇ ಇದ್ದ. "ಮುಟ್ರಿ ಮತ್ತ. ಶಾಲಿ ಬಿಡೂ ಹೊತ್ತಾತು."

ನೀಲವ್ವ ಬಾಯಿಗೆ ಸೆರಗು ಒತ್ತಿಕೊಂಡಳು. "ಅಕ್ಕಾರ, ಇವ್ರು ಇದ ಕಾಲಿಂದ ಬ್ರೇಕ್ ಹಾಕ್ತಾರ್ರಿ."

ಅವನು ಕಣ್ಣು ತೆರೆದ. ತನ್ನ ಬೆರಳು ಪ್ರಮೀಳಾಳ ಮುಷ್ಟಿಯಲ್ಲಿರುವುದನ್ನು ಕಂಡ. ಆದರೂ ಎದ್ದು ಚಪ್ಪಲಿ ಹುಡುಕಿದ. "ಹುಡುಗ್ರು ಗೇಟಿನ್ಯಾಗ ನಿಂತಿರ್ತಾವ. ಇವತ್ತೊಂದಿನ ಹೋಗಿ ಬರ್ತೀನಿ."

"ಅದ ಗಾಡ್ಯಾಗ ನಮ್ಮ ಕೂಸೂ ಬರತೈತಿ," ಎಂದಳು ನೀಲವ್ವ ಮೆಲ್ಲಗೆ.

ಚಪ್ಪಲಿ ಹುಡುಕುತ್ತಿದ್ದ ಯಮನೂರಪ್ಪ ಅಲ್ಲೇ ಕೂತ. ಜೇಬಿನಿಂದ ಕೀಲಿ ತೆಗೆದು ಅವಳ ಕೈಗಿಟ್ಟ. ಅವಳು ಶಾಲೆಗೆ ಫೋನು ಮಾಡಿ, ಮಕ್ಕಳನ್ನು ಒಳಗೇ ಕೂರಿಸಿಕೊಳ್ಳಿ, ಬೇರೆ ಡ್ರೈವರ್ ನೋಡಿ ಎಂದಳು. ಆಮೇಲೆ ಇಬ್ಬರೂ ಆಟೊದಲ್ಲಿ ಆಸ್ಪತ್ರೆಗೆ ಹೋದರು. ಅವನಿಗೇ ತಿಳಿಯದಂತೆ ಸಕ್ಕರೆ ಕಾಯಿಲೆ ಪಾದದ ನರಗಳನ್ನು ತಿಂದುಹಾಕಿತ್ತು.

ಗಾಯ ಮಾಯಲು ಬಹಳ ಕಾಲ ಹಿಡಿಯಿತು. ಪಾದ ಉಳಿಯಿತು, ಡ್ರೈವರ್ ಕೆಲಸ ಉಳಿಯಲಿಲ್ಲ. ಅವನು ಈಗ ಶಾಲೆಯ ಗೇಟಿನಲ್ಲಿ ನಿಂತು ಮಕ್ಕಳನ್ನು ವ್ಯಾನಿಗೆ ಹತ್ತಿಸುತ್ತಾನೆ. ಪ್ರಮೀಳಾ ಬೆಂಚನ್ನು ಹೊರಗೆ ಹಾಕಿದಳು. ಬೆರಳು ಹಿಡಿದು ಕೇಳದೆ ಯಾರ ಮೈಮೇಲೂ ನನ್ನನ್ನು ಇಡಲಿಲ್ಲ.

ಒಂದು ದಿನ ಯಮನೂರಪ್ಪ ನೀಲವ್ವನ ಜೊತೆ ಮತ್ತೆ ಬಂದ. "ಅವತ್ತಿನ ಬಿಸಿ ಎಷ್ಟಿತ್ತು ನಂಗ ಗೊತ್ತಾಗಬೇಕ್ರಿ. ಕೈಮ್ಯಾಲ ಇಡ್ರಿ." ಪ್ರಮೀಳಾ ಬೇಡವೆಂದಳು. ಅವನು ಕೇಳದೆ, ಇನ್ನೊಬ್ಬರಿಗೆಂದು ಹೊತ್ತಿಸಿಟ್ಟಿದ್ದ ನನ್ನನ್ನು ತಾನೇ ಅಂಗೈಗೆ ಒತ್ತಿಕೊಂಡ. ಎರಡು ಉಸಿರು ಎಳೆಯುವಷ್ಟರಲ್ಲಿ, "ಅಯ್ಯಯ್ಯೋ!" ಎಂದು ಚೀರಿ ನನ್ನನ್ನು ಕೊಡವಿಬಿಟ್ಟ. ನೆಲಕ್ಕೆ ಬಿದ್ದು ನನ್ನ ಮುಚ್ಚಳ ಸೀಳಿತು. ಕೆಂಡದ ಚೂರೊಂದು ಉರುಳಿ ಅವನ ಬಲಗಾಲಿಗೆ ತಾಗಿ ನಿಂತಿತು.

ಅವನು ಅಂಗೈಗೆ ಉಫ್ ಉಫ್ ಎಂದು ಗಾಳಿ ಊದುತ್ತ ನಿಂತೇ ಇದ್ದ.

ನೀಲವ್ವ ಧಡಕ್ಕನೆ ಬಗ್ಗಿದಳು. ಎರಡೂ ಕೈಯಲ್ಲಿ ಆ ಕಾಲನ್ನು ಎತ್ತಿ, ನಿದ್ದೆಹೋದ ಮಗುವನ್ನು ಹಾಸಿಗೆಗೆ ಇಳಿಸುವ ಹಾಗೆ ಪಕ್ಕಕ್ಕೆ ಇಟ್ಟಳು.

ಈಗ ನಾನು ಕಪಾಟಿನ ಮೇಲಿನ ಮೂಲೆಯಲ್ಲಿದ್ದೇನೆ, ಕೆಂಡವಿಲ್ಲದೆ ತಣ್ಣಗೆ. ಬಿಸಿಗೆ ಚೀರಿದ ಎಷ್ಟೋ ಮಂದಿಯನ್ನು ಕಂಡಿದ್ದೇನೆ, ಅವರ ಮುಖಗಳು ಮರೆತುಹೋಗಿವೆ. ನನ್ನ ಅಡಿಯಲ್ಲಿ ಸುಮ್ಮನೆ ಸುಡುತ್ತಿದ್ದ ಆ ಪಾದವನ್ನು ನೆನೆದರೆ ಮಾತ್ರ ಈಗಲೂ ನನ್ನ ಬಿದಿರು ನಡುಗುತ್ತದೆ.