ಮಿಂಚುಳ್ಳಿಯ ಕಣ್ಣಿಗೆ ಬಿಟ್ಟ ಜಾಗ

ಹಾಳೆಯ ಮೇಲಿನ ಹಕ್ಕಿಯ ಕಣ್ಣು ಮತ್ತೆ ಸತ್ತಿತ್ತು — ರೆಕ್ಕೆ ಪರವಾಗಿಲ್ಲ, ಕೊಕ್ಕು ಕೋಪ ಬಂದವರ ಮೂಗಿನ ಹಾಗೆ ಕೆಂಪಗೆ ಚೆನ್ನಾಗೇ ಇದೆ, ಆದರೆ ಕಣ್ಣಲ್ಲಿ ಎಳ್ಳಿನಷ್ಟೂ ಬೆಳಕಿಲ್ಲ, ಅಂಗಿಯ ಗುಂಡಿ ಹೊಲಿದಿಟ್ಟ ಹಾಗೆ ಕರ್ರಗೆ ಕೂತಿದೆ, ಮೇಸ್ತ್ರಿ ಬಿಳಿ ಪೆನ್ಸಿಲ್ ತೆಗೆದು ಅದರ ಮೇಲೆ ಒತ್ತಿದ, ಇನ್ನೂ ಒತ್ತಿದ, ಕಪ್ಪು ಮೇಣದ ಹಾಗೆ ಹೊಳೆಯಿತೇ ಹೊರತು ಬಿಳಿ ಹತ್ತಲೇ ಇಲ್ಲ. ಇದೆಂಥ ಬಣ್ಣ, ಮೂವತ್ತು ವರ್ಷ ಗೋಡೆಗೆ ಬಣ್ಣ ಹೊಡೆದ ಕೈ ಇದು, ತಪ್ಪಾದರೆ ಮೇಲೊಂದು ಕೋಟ್, ಅದೂ ತಪ್ಪಿದರೆ ಇನ್ನೊಂದು ಕೋಟ್, ಅಲ್ಲಿಗೆ ಯಾರಪ್ಪನಿಗೂ ಗೊತ್ತಾಗುವುದಿಲ್ಲ, ಚಂದ್ರನಿಗೆ ಬಣ್ಣ ಹೊಡೆದವನು ನಾನೇ, ನಿಂತು ಹೊಡೆಯೋ ಸಾರ್ವೆ ಕಟ್ಟೋಕೆ ಜಾಗ ಸಾಲದೆ ಅಲ್ಲಲ್ಲಿ ಕಲೆ ಉಳೀತು ನೋಡಿ, ಅಂತ ಟೀ ಅಂಗಡಿಯಲ್ಲಿ ಕೂತು ಹೇಳಿದವನು, ಅದಕ್ಕೇ ಎಲ್ಲರ ಬಾಯಲ್ಲೂ ಬುರುಡೆ ಮೇಸ್ತ್ರಿ. ಒತ್ತಬೇಡಿ ಮೇಸ್ತ್ರಿ, ಅಂದಿದ್ದಳು ಬಣ್ಣದ ಪೆನ್ಸಿಲ್ ಮಾರಿದ ಅಂಗಡಿಯಮ್ಮ, ಗೋಡೆ ಅಲ್ಲ ಇದು, ಹಗೂರಕ್ಕೆ ತೀಡಿ, ಒಂದರ ಮೇಲೊಂದು, ಹೊಳೆಯೋ ಕಡೆ ಮೊದ್ಲೇ ಕಾಗದ ಖಾಲಿ ಬಿಟ್ಬಿಡಿ, ಬಿಳಿ ಪೆನ್ಸಿಲ್ ಏನನ್ನೂ ಮುಚ್ಚಲ್ಲ — ಮುಚ್ಚದ ಬಿಳಿ ಯಾಕೆ ಮಾರ್ತೀಯಮ್ಮ, ಅಂತ ನಕ್ಕು ಬಂದಿದ್ದ. ಒಳಗೆ ಮಂಚ ಕಿರ್ ಅಂದಿತು. ಹೆಂಡತಿ ಮಗ್ಗುಲಾಗಲು ನೋಡುತ್ತಿದ್ದಾಳೆ, ಕಾಲಿಗೆ ಪ್ಲಾಸ್ಟರ್ ಹಾಕಿ ಇಪ್ಪತ್ತೆರಡು ದಿನ, ಕಿಟಕಿ ತೆಗೆದರೆ ಪಕ್ಕದ ಮನೆ ಗೋಡೆ, ಅದೂ ಇವನೇ ಹೊಡೆದ ಬೂದು ಬಣ್ಣ.

ಮೂರನೇ ಹಾಳೆ. ಮೊದಲನೆಯದು ಒತ್ತಿ ಒತ್ತಿ ಹರಿದುಹೋಯಿತು, ಎರಡನೆಯದರಲ್ಲಿ ಕಣ್ಣು ಸತ್ತದ್ದಲ್ಲದೆ ಕೈ ತಾನಾಗಿ ಕೊಕ್ಕಿಗೊಂದು ಮೀನು ಸಿಕ್ಕಿಸಿತು, ಮೀನು ಎಲ್ಲಿತ್ತು, ಇರಲಿಲ್ಲ, ಮಂಗಳವಾರ ಶಾಲೆಯ ಗೋಡೆಗೆ ಪ್ರೈಮರ್ ಹೊಡೆಯುವಾಗ ಸಾರ್ವೆಯ ಬಿದಿರಿನ ಮೇಲೆ ಬರೀ ಹಕ್ಕಿ ಬಂದು ಕೂತಿತ್ತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಬ್ರಷ್‌ನಿಂದ ಬಣ್ಣ ತೊಟ್ಟಿಕ್ಕುತ್ತಿತ್ತು, ಇವನು ಉಸಿರು ಹಿಡಿದು ನಿಂತ, ಹಕ್ಕಿ ತಿರುಗಿ ನೋಡಿತು, ಕಣ್ಣೊಳಗೆ ಶಾಲೆಯ ಕಿಟಕಿ ಎಳ್ಳಿನಷ್ಟಾಗಿ ಹೊಳೆಯಿತು. ಮನೆಗೆ ಓಡಿಬಂದು ಹೇಳಿದರೆ, ಹೂಂ, ಅಂದಳು ಹೆಂಡತಿ, ಮೊಸಳೆ ಜೊತೆ ಬೀಡಿ ಸೇದಿದ್ರಲ್ಲ, ಅದರ ತಮ್ಮನಾ ಇದು? ಮೊದಲಾಗಿದ್ದರೆ ಇಷ್ಟು ಹೇಳಿ ಹೊಟ್ಟೆ ಹಿಡಿದು ನಗುತ್ತಿದ್ದಳು, ಈಗ ಮುಖ ಗೋಡೆ ಕಡೆಗೆ. ನಿಮ್ಮ ಬಾಯಿ ಸಾಕು ರೀ, ನಿಜವಾಗ್ಲೂ ನೋಡಿದ್ರೆ ಚಿತ್ರ ಬರೆದು ತೋರ್ಸಿ. ಇದೊಂದನ್ನು ನಂಬಲಿ, ಬೇರೆ ಏನೂ ಬೇಡ, ಇದೊಂದು — ಹಗೂರಕ್ಕೆ, ಹಗೂರಕ್ಕೆ, ನೀಲಿಯ ಅಡಿಗೆ ಹಸಿರು, ಅದರ ಮೇಲೆ ನೀಲಿ, ಅಂಚಿಗೆ ಸ್ವಲ್ಪ ನೇರಳೆ, ಅಯ್ಯೋ ಅಡಿಯ ಹಸಿರು ಎದ್ದು ಕಾಣುತ್ತಿದೆಯಲ್ಲ, ಇಲ್ಲಿ ಯಾವುದೂ ಅಡಗುವುದೇ ಇಲ್ಲ, ಅವತ್ತು ಏಣಿ ಹಳದಿ ಬಣ್ಣದಲ್ಲಿ ಲಕಲಕ ಹೊಳೆಯುತ್ತಿತ್ತು, ಹತ್ತು, ಆನೆ ಹತ್ತಿದ್ರೂ ಅಲ್ಲಾಡಲ್ಲ, ಅಂದಿದ್ದ ಹೆಂಡತಿಗೆ, ನಕ್ಕೊಂಡೇ ಹತ್ತಿದಳು, ಅಟ್ಟದ ಮೇಲಿನ ಪೆಟ್ಟಿಗೆಗೆ ಕೈ ಹಾಕಿದಳು, ಕಾಲಡಿಯ ಮೆಟ್ಟಿಲು ಲಟಕ್ ಅಂತು. ಹಳೇ ಮರ, ಏನು ಮಾಡೋಕಾಗುತ್ತೆ, ಅಂದರು ನೋಡಲು ಬಂದವರೆಲ್ಲ, ಹೌದೌದು ಹಳೇ ಮರ, ಅಂದ ಇವನೂ, ಎಲ್ಲರಿಗಿಂತ ಜೋರಾಗಿ. ಕಣ್ಣಿನ ಸುತ್ತ ಕಂದು, ಒಳಗೆ ಕಪ್ಪು, ನಡುವೆ ಎಳ್ಳಿನಷ್ಟು ಮುಟ್ಟದೆ ಬಿಡಬೇಕು, ಪೆನ್ಸಿಲ್ ಅಲ್ಲಿಗೇ ಜಾರುತ್ತದೆ, ತುಂಬು ತುಂಬು ಅನ್ನುತ್ತದೆ ಮೂವತ್ತು ವರ್ಷದ ಕೈ, ಬೇಡ, ಬಿಡು, ಬಿಟ್ಟ.

ಮುಗೀತಾ? ಅಂದಳು ಒಳಗಿಂದ. ಹಾಳೆ ಹಿಡಿದು ಹೋದ, ಬಾಗಿಲ ಚೌಕಟ್ಟಿಗೆ ಭುಜ ತಗುಲಿತು, ಅವಳು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದಳು, ತುಂಬ ಹೊತ್ತು ನೋಡಿದಳು. ಮೀನು ಹಿಡಿದಿರ್ಲಿಲ್ವಾ? ಇಲ್ಲ. ಹಾಡಲಿಲ್ವಾ, ಭುಜದ ಮೇಲೆ ಬಂದು ಕೂರಲಿಲ್ವಾ? ಇಲ್ಲ ಕಣೇ, ಸುಮ್ನೆ ನೋಡ್ತು, ಹೋಯ್ತು. ನಕ್ಕಳು, ಇಪ್ಪತ್ತೆರಡು ದಿನದ ಮೇಲೆ, ಸ್ವಲ್ಪವೇ, ಹಾಗಾದ್ರೆ ನಿಜ ಬಿಡಿ, ಅಂದಳು. ಇಷ್ಟಕ್ಕೆ ಬಾಯಿ ಮುಚ್ಚಿಕೊಂಡು ಹೊರಗೆ ಬರಬಹುದಿತ್ತು, ಬೇಕಿದ್ದದ್ದು ಸಿಕ್ಕಿತ್ತು, ಆದರೆ ನಾಲಿಗೆ, ಈ ಹಾಳು ನಾಲಿಗೆ — ಏಣಿ ಮೆಟ್ಟಿಲು ಮೊದ್ಲೇ ಸೀಳು ಬಿಟ್ಟಿತ್ತು, ಅಂದ, ನಂಗೆ ಗೊತ್ತಿತ್ತು, ಸೀಳಿಗೆ ಪುಟ್ಟಿ ತುಂಬಿ ಮೇಲೆ ಬಣ್ಣ ಹೊಡೆದಿದ್ದೆ, ಎರಡು ಕೋಟ್. ಅವಳು ಹಾಳೆಯನ್ನು ಕೆಳಗಿಡಲಿಲ್ಲ, ಅವಳ ಹೆಬ್ಬೆರಳು ಹಕ್ಕಿಯ ಕಣ್ಣಿನ ಪಕ್ಕ ನಿಂತಿದೆ, ಅಲ್ಲಾಡುತ್ತಿಲ್ಲ, ಇವನೂ ಅದನ್ನೇ ನೋಡುತ್ತಿದ್ದಾನೆ, ಕಪ್ಪಿನ ನಡುವೆ, ಯಾರೂ ಮುಟ್ಟದ ಕಾಗದ, ಎಳ್ಳಿನಷ್ಟು, ಬಿಳಿ —